ಫ್ರೀ ಅಂದ್ರೆ ಯಾವ ಫ್ರೀ? ಸಣ್ಣ ಫ್ಯಾಬ್ರಿಕೇಶನ್ ಶೆಡ್ಡಿಗೆ ಡಿಸೈನ್ ಸಾಫ್ಟ್‌ವೇರ್ ಹುಡುಕುವಾಗ

ಇವತ್ತಿನ ಕಂತು ಐಟಿಐ, ಡಿಪ್ಲೊಮಾ ಮುಗಿಸಿ ಯಾವುದೋ ಸಣ್ಣ ಶೆಡ್ಡಿನಲ್ಲಿ ಡ್ರಾಯಿಂಗ್ ಕೆಲಸಕ್ಕೆ ಸೇರಿದವರಿಗೆ. ಅಪ್ಪನದ್ದೋ ಮಾವನದ್ದೋ ವೆಲ್ಡಿಂಗ್ ಶಾಪನ್ನು ಮುಂದುವರಿಸ್ತಾ ಇರೋರಿಗೂ ಹೌದು. ಕೇಳೋಕೆ ಸ್ವಲ್ಪ ಒಣ ವಿಷಯ ಅನ್ನಿಸಬಹುದು. ಆದ್ರೆ ಶೆಡ್ಡಿನ ಬಾಡಿಗೆ, ಕರೆಂಟ್ ಬಿಲ್ಲು, ಶನಿವಾರದ ಬಟವಾಡೆ ಇವುಗಳ ಮಧ್ಯೆ ಸಾಫ್ಟ್‌ವೇರ್ ಅನ್ನೋ ಖರ್ಚನ್ನ ಎಲ್ಲಿ ಕೂರಿಸೋದು ಅನ್ನೋದು ಒಣ ವಿಷಯ ಅಲ್ಲ. ಅದರಲ್ಲಿ ಎಡವಿದರೆ ಆರ್ಡರ್ರೇ ಕೈತಪ್ಪುತ್ತೆ.

ನಾನು ಕೆಲಸ ಮಾಡೋದು ಪೀಣ್ಯದಲ್ಲಿ. ಬೆಂಗಳೂರಿನ ಹೊರಗಿನವರಿಗೆ ಹೇಳೋದಾದ್ರೆ, ಪೀಣ್ಯ ಅಂದ್ರೆ ಒಂದು ಗಲ್ಲಿಯಲ್ಲಿ ಲೇಸರ್ ಕಟಿಂಗ್, ಪಕ್ಕದ ಗಲ್ಲಿಯಲ್ಲಿ ಬೆಂಡಿಂಗ್, ಅದರಾಚೆ ಪೌಡರ್ ಕೋಟಿಂಗ್. ಒಂದು ಶೀಟು ಮೂರು ಟೆಂಪೋ ಹತ್ತಿ ಇಳಿದು ಡಬ್ಬಿ ಆಗಿ ವಾಪಸ್ ಬರುತ್ತೆ. ನಮ್ಮದು ಆರು ಜನರ ಶೆಡ್. ಎಲೆಕ್ಟ್ರಿಕಲ್ ಪ್ಯಾನೆಲ್ ಬೋರ್ಡಿನ ಡಬ್ಬಿ, ಬ್ರಾಕೆಟ್ಟು, ಮಷೀನ್ ಕವರು. ಸುಗ್ಗಿ ಇಲ್ಲದ ತಿಂಗಳು ಗೇಟು, ಗ್ರಿಲ್ಲು ಕೂಡ. ಬೆಂಡಿಂಗ್ ಮಷೀನು ನಮ್ಮದೇ ಇದೆ, ಲೇಸರ್ ಇಲ್ಲ. ಕಟಿಂಗ್ ಹೊರಗಡೆ ಜಾಬ್ ವರ್ಕಿಗೆ ಕೊಡ್ತೀವಿ. ಡ್ರಾಯಿಂಗ್ ಮಾಡೋದು ನಾನು.

ಸಾಫ್ಟ್‌ವೇರ್ ಯಾವುದು ಒಳ್ಳೇದು ಅಂತ ಫೋನಲ್ಲಿ ಹುಡುಕಿದ್ರೆ ಹತ್ತು ವಿಡಿಯೊ ಬರುತ್ತೆ. ಹತ್ತರಲ್ಲಿ ಒಂಬತ್ತು ಕಾರಿನ ಇಂಜಿನ್ ತಿರುಗಿಸಿ ತೋರಿಸುತ್ತೆ. ನಮಗೆ ಇಂಜಿನ್ ಬೇಕಾಗಿಲ್ಲ. ಹಾಗಾಗಿ ಮೊದಲು, ನಮ್ಮ ಶೆಡ್ಡಿನಲ್ಲಿ ಕಂಪ್ಯೂಟರ್ ನಿಜವಾಗಿ ಏನು ಕೆಲಸ ಮಾಡುತ್ತೆ ಅಂತ ಒಂದು ಹಾಳೆ ಮೇಲೆ ಬರೆದೆ. ಗಿರಾಕಿ ಕಳಿಸಿದ ಫೈಲ್ ತೆರೆಯಬೇಕು. ಅದು ಪಿಡಿಎಫ್ ಇರಬಹುದು, ಡಿಡಬ್ಲ್ಯೂಜಿ ಇರಬಹುದು, ದೊಡ್ಡ ಕಂಪನಿ ಆದ್ರೆ ಸ್ಟೆಪ್ ಫೈಲು, ಅಂದ್ರೆ ಯಾವ ತ್ರೀಡಿ ಸಾಫ್ಟ್‌ವೇರಿನಲ್ಲಾದ್ರೂ ತೆರೆಯೋ ಫೈಲು. ಆಮೇಲೆ ಆ ಡಬ್ಬಿಯನ್ನ ಬಿಚ್ಚಿ ಚಪ್ಪಟೆ ಮಾಡಬೇಕು, ಬೆಂಡ್ ಆಗೋ ಮುಂಚೆ ಶೀಟು ಎಷ್ಟು ಉದ್ದ ಇರಬೇಕು ಅನ್ನೋ ಲೆಕ್ಕ. ಅದನ್ನ ಡಿಎಕ್ಸ್‌ಎಫ್ ಮಾಡಿ ಲೇಸರಿನವರಿಗೆ ವಾಟ್ಸಾಪ್ ಮಾಡಬೇಕು. ಕೊನೆಗೆ ಬೆಂಡಿಂಗ್ ಮಾಡೋ ಅಣ್ಣನ ಕೈಗೆ ಅಳತೆ ಇರೋ ಒಂದು ಪ್ರಿಂಟು ಕೊಡಬೇಕು. ಅಷ್ಟೇ. ಮಿರಮಿರ ಮಿಂಚೋ ಚಿತ್ರ ಬೇಡ, ಗಾಳಿ ಹರಿವಿನ ಅನಾಲಿಸಿಸ್ ಬೇಡ. ಈ ಹಾಳೆ ಇಲ್ಲದೆ ಡೀಲರ್ ಮುಂದೆ ಕೂತ್ರೆ, ಅವರು ಏನು ಮಾರ್ತಾರೋ ಅದೇ ನಮ್ಮ ಅಗತ್ಯ ಆಗಿಬಿಡುತ್ತೆ.

ನಮ್ಮ ಶೆಡ್ಡಿಗೆ ಈ ಹಾಳೆ ಬರೆಯೋ ತುರ್ತು ಯಾಕೆ ಬಂತು ಅಂದ್ರೆ, ಒಬ್ಬ ಹೊಸ ಗಿರಾಕಿ. ಹೆಸರು ಬೇಡ. ಅವರು ಆರ್ಡರ್ ಕೊಡೋ ಮುಂಚೆ ವೆಂಡರ್ ಆಡಿಟ್ ಮಾಡ್ತಾರೆ. ಫೈರ್ ಎಕ್ಸ್‌ಟಿಂಗ್ವಿಷರ್ ಇದೆಯಾ, ವರ್ನಿಯರ್ ಕ್ಯಾಲಿಬ್ರೇಶನ್ ಆಗಿದೆಯಾ, ಪಿಎಫ್ ಕಟ್ತೀರಾ. ಅದೇ ಫಾರಮ್ಮಿನಲ್ಲಿ ಒಂದು ಕಾಲಂ: ಡಿಸೈನ್ ಸಾಫ್ಟ್‌ವೇರ್ ಹೆಸರು, ಲೈಸೆನ್ಸ್ ವಿವರ. ಮಾಲೀಕರು ನನ್ನ ಮುಖ ನೋಡಿದ್ರು. ಹಳೇ ಕಂಪ್ಯೂಟರಿನಲ್ಲಿ ಇದ್ದದ್ದು ಯಾರೋ ಯಾವತ್ತೋ ಪೆನ್‌ಡ್ರೈವಿನಿಂದ ಹಾಕಿಕೊಟ್ಟ ಕ್ರ್ಯಾಕ್ ಕಾಪಿ. ನಾನು ಸೇರೋಕೆ ಮುಂಚೆಯಿಂದ ಅದೇ ನಡೀತಿತ್ತು. ಇದನ್ನ ಕೇಳ್ತಾ ಇರೋರಲ್ಲಿ ಎಷ್ಟೋ ಜನ ಈಗ ಸುಮ್ಮನೆ ನಗ್ತಾ ಇರ್ತೀರಿ, ಗೊತ್ತು.

ಆ ವಿಷಯ ಮುಗಿಸಿಬಿಡೋಣ. ನಮ್ಮ ದೇಶದ ಕಾಪಿರೈಟ್ ಕಾಯ್ದೆ 1957ರದ್ದು. ಅದರ 63ಬಿ ಸೆಕ್ಷನ್ ಕಂಪ್ಯೂಟರ್ ಪ್ರೋಗ್ರಾಂ ಬಗ್ಗೆಯೇ ಇದೆ. ಕಾಪಿ ಕಳ್ಳದ್ದು ಅಂತ ಗೊತ್ತಿದ್ದೂ ಬಳಸಿದರೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ವ್ಯಾಪಾರಕ್ಕೆ, ಲಾಭಕ್ಕೆ ಬಳಸದೇ ಇದ್ದರೆ ಜೈಲು ಶಿಕ್ಷೆ ಬಿಟ್ಟು ದಂಡ ಮಾತ್ರ ಹಾಕೋಕೆ ಕೋರ್ಟಿಗೆ ಅವಕಾಶ ಇದೆ. ಶೆಡ್ ಅನ್ನೋದೇ ವ್ಯಾಪಾರ, ಆ ರಿಯಾಯಿತಿ ನಮಗೆ ಸಿಗಲ್ಲ. ಕಾನೂನು ಒಂದು ಕಡೆ ಇರಲಿ. ಕ್ರ್ಯಾಕ್ ಹಾಕುವಾಗ ಮೊದಲು ಹೇಳೋ ಮಾತೇ ‘ಆಂಟಿವೈರಸ್ ಆಫ್ ಮಾಡಿ’ ಅಂತ. ಅದೇ ಕಂಪ್ಯೂಟರಿನಲ್ಲಿ ಜಿಎಸ್‌ಟಿ ಲಾಗಿನ್ನು, ಬ್ಯಾಂಕ್ ಲಾಗಿನ್ನು ಇರುತ್ತೆ. ನನಗೆ ಜೈಲಿಗಿಂತ ಇದೇ ಹೆಚ್ಚು ಭಯ.

ಸರಿ, ಹಾಗಾದ್ರೆ ಫ್ರೀ ಸಾಫ್ಟ್‌ವೇರ್ ಹಾಕೋಣ ಅಂತೀರಿ. ಇಲ್ಲೇ ತುಂಬಾ ಜನ ಎಡವೋದು. ಫ್ರೀ ಅನ್ನೋದರಲ್ಲಿ ಎರಡು ಜಾತಿ ಇದೆ.

ಒಂದು, ಕಂಪನಿಯವರು ರುಚಿ ತೋರಿಸೋಕೆ ಕೊಡೋ ಫ್ರೀ. ಆಟೊಡೆಸ್ಕ್‌ನವರ ಫ್ಯೂಷನ್ ಪರ್ಸನಲ್ ಲೈಸೆನ್ಸ್ ತಗೊಳ್ಳಿ. ಸಾಫ್ಟ್‌ವೇರ್ ನಿಜಕ್ಕೂ ಚೆನ್ನಾಗಿದೆ, ಶೀಟ್ ಮೆಟಲ್ ಅದರಲ್ಲಿ ಸಲೀಸು. ಆದ್ರೆ ಆ ಲೈಸೆನ್ಸು ಹವ್ಯಾಸಕ್ಕೆ, ಮನೆಯಲ್ಲಿ ಕಲಿಯೋಕೆ. ವರ್ಷಕ್ಕೆ 1000 ಡಾಲರ್‌ಗಿಂತ ಹೆಚ್ಚು ಆದಾಯ ಬರೋ ಕೆಲಸಕ್ಕೆ ಅದು ಇಲ್ಲ. ಒಂದು ಸಲಕ್ಕೆ 10 ಫೈಲು ಮಾತ್ರ ತಿದ್ದೋ ಸ್ಥಿತಿಯಲ್ಲಿ ಇರುತ್ತೆ. ಆನ್‌ಶೇಪ್ ಅಂತ ಇನ್ನೊಂದು, ಬ್ರೌಸರಿನಲ್ಲೇ ಓಡುತ್ತೆ, ಹಳೇ ಲ್ಯಾಪ್‌ಟಾಪ್ ಸಾಕು. ಅದರ ಫ್ರೀ ಪ್ಲಾನಿನಲ್ಲಿ ನೀವು ಮಾಡಿದ್ದೆಲ್ಲ ಪಬ್ಲಿಕ್, ಪ್ರಪಂಚದಲ್ಲಿ ಯಾರು ಬೇಕಾದ್ರೂ ತೆರೆದು ನೋಡಬಹುದು. ವ್ಯಾಪಾರಕ್ಕೆ ಅದೂ ಇಲ್ಲ. ಗಿರಾಕಿ ‘ಡ್ರಾಯಿಂಗ್ ಹೊರಗೆ ಹೋಗಬಾರದು’ ಅಂತ ಸಹಿ ಮಾಡಿಸಿಕೊಂಡಿರ್ತಾರೆ, ನಾವು ಅದನ್ನ ಊರಿಗೆಲ್ಲ ತೆರೆದಿಟ್ಟ ಹಾಗೆ ಆಗುತ್ತೆ. ಸೀಮೆನ್ಸ್‌ನವರ ಸಾಲಿಡ್ ಎಡ್ಜ್ ಕಮ್ಯುನಿಟಿ ಎಡಿಷನ್ನೂ ಇದೇ ಜಾತಿ. ಕಲಿಯೋಕೆ ಬಂಗಾರ. ಬಿಲ್ ಹಾಕೋ ಕೆಲಸಕ್ಕೆ ಅಲ್ಲ.

ಕಲಿಯೋಕೆ ಅಂದೆ ಅಲ್ವಾ, ಅದನ್ನ ಹಗುರವಾಗಿ ತಗೋಬೇಡಿ. ಕೆಲಸ ಹುಡುಕ್ತಾ ಇರೋರು ಇವನ್ನ ಧಾರಾಳವಾಗಿ ಹಾಕಿಕೊಂಡು ಕಲೀರಿ. ಅದಕ್ಕೆಂದೇ ಕೊಟ್ಟಿರೋದು.

ಈ ಜಾತಿಯ ಫ್ರೀಗೆ ಇನ್ನೊಂದು ಗುಣ, ಅವರು ಮನಸ್ಸು ಬದಲಾಯಿಸಬಹುದು. ಡ್ರಾಫ್ಟ್‌ಸೈಟ್ ನೆನಪಿದೆಯಾ? ಡಸೋ ಸಿಸ್ಟಮ್ಸ್‌ನವರದ್ದು, ಡಿಡಬ್ಲ್ಯೂಜಿ ಫೈಲನ್ನ ಫ್ರೀಯಾಗಿ ತೆರೆದು ತಿದ್ದಬಹುದಿತ್ತು. ಎಷ್ಟೋ ಸಣ್ಣ ಆಫೀಸುಗಳು ಅದರ ಮೇಲೆ ನಿಂತಿದ್ವು. 2019ರಲ್ಲಿ ಫ್ರೀ ಆವೃತ್ತಿ ನಿಲ್ಲಿಸ್ತೀವಿ ಅಂದ್ರು, ಆ ವರ್ಷದ ಕೊನೆಗೆ ನಿಂತೂ ಹೋಯ್ತು. ತಪ್ಪು ಅಂತ ನಾನು ಹೇಳಲ್ಲ, ಅವರ ಅಂಗಡಿ ಅವರದ್ದು. ಆದ್ರೆ ನಮ್ಮ ಅಂಗಡಿಯ ಬೀಗದ ಕೈ ಅವರ ಹತ್ತಿರ ಇರಬಾರದು ಅಷ್ಟೇ.

ಎರಡನೇ ಜಾತಿ ಓಪನ್ ಸೋರ್ಸ್. ಇಲ್ಲಿ ಲೈಸೆನ್ಸೇ ಹೇಳುತ್ತೆ, ವ್ಯಾಪಾರಕ್ಕೂ ಬಳಸಿ ಅಂತ. ಟೂಡಿಗೆ ಲಿಬ್ರೆಕ್ಯಾಡ್ ಇದೆ. ಕ್ಯೂಕ್ಯಾಡ್ ಇದೆ, ಅದರ ಕಮ್ಯುನಿಟಿ ಆವೃತ್ತಿ ಫ್ರೀ, ಪ್ರೊಫೆಷನಲ್‌ಗೆ ದುಡ್ಡು. ಲಿಬ್ರೆಕ್ಯಾಡ್ ಹುಟ್ಟಿದ್ದೇ ಕ್ಯೂಕ್ಯಾಡಿನ ಕವಲಾಗಿ. ಗ್ರಿಲ್ಲು, ಬೇಸ್ ಪ್ಲೇಟು, ಫ್ಲ್ಯಾಂಜು ಅಂಥ ಬೆಂಡಿಲ್ಲದ ಕೆಲಸಕ್ಕೆ ಲಿಬ್ರೆಕ್ಯಾಡ್ ಒಂದೇ ಸಾಕು, ಒಂದು ವಾರದಲ್ಲಿ ಕೈ ಕೂರುತ್ತೆ. ಒಂದು ಕೊರತೆ, ಅದರಲ್ಲಿ ಡಿಡಬ್ಲ್ಯೂಜಿ ಫೈಲಾಗಿ ಸೇವ್ ಮಾಡೋಕೆ ಬರಲ್ಲ. ಡಿಎಕ್ಸ್‌ಎಫ್ ಮಾತ್ರ. ಲೇಸರಿನವರಿಗೆ ಡಿಎಕ್ಸ್‌ಎಫ್ ಸಾಕು, ಗಿರಾಕಿಗೆ ಸಾಕಾಗದೇ ಇರಬಹುದು.

ತ್ರೀಡಿಗೆ ಫ್ರೀಕ್ಯಾಡ್. 2002ರಿಂದ ಇದೆ. ಆದ್ರೆ 1.0 ಅನ್ನೋ ಆವೃತ್ತಿ ಬಂದದ್ದು 2024ರ ನವೆಂಬರಿನಲ್ಲಿ, 22 ವರ್ಷ ತಗೊಂಡಿತು. ಅದಕ್ಕೂ ಮುಂಚೆ ಇದನ್ನ ನೋಡಿ ಬೈದು ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಬೈಗುಳ ನ್ಯಾಯವಾದದ್ದೇ. ಹಳೇ ಆವೃತ್ತಿಯಲ್ಲಿ ಡಬ್ಬಿಯ ಅಗಲ 10 ಮಿಲಿಮೀಟರ್ ಬದಲಾಯಿಸಿದರೆ, ಮೇಲೆ ಹಾಕಿದ್ದ ತೂತು ಇನ್ಯಾವುದೋ ಮುಖಕ್ಕೆ ಹೋಗಿ ಕೂರ್ತಿತ್ತು. ಮುಖಗಳ ಹೆಸರು ಒಳಗೊಳಗೇ ಅದಲುಬದಲು ಆಗೋ ಸಮಸ್ಯೆ. 1.0ರಲ್ಲಿ ಅದು ಬಹಳ ಮಟ್ಟಿಗೆ ಸರಿ ಹೋಗಿದೆ, ಪೂರ್ತಿ ಹೋಗಿಲ್ಲ. ಶೀಟ್ ಮೆಟಲ್ ಅದರ ಜೊತೆ ಬರಲ್ಲ, ಆಡ್-ಆನ್ ಮ್ಯಾನೇಜರಿಂದ ಬೇರೆ ಹಾಕಿಕೊಳ್ಳಬೇಕು. ಅದೂ ಫ್ರೀ. ಇದನ್ನ ಯಾರೂ ಹೇಳಲ್ಲ, ಹೊಸಬರು ಮೆನು ಪೂರ್ತಿ ಹುಡುಕಿ ‘ಇದರಲ್ಲಿ ಬೆಂಡಿಂಗ್ ಇಲ್ಲ’ ಅಂತ ಎದ್ದು ಹೋಗ್ತಾರೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಸಾಫ್ಟ್‌ವೇರ್ ಎಷ್ಟು ಲಕ್ಷದ್ದೇ ಆಗಲಿ, ಬೆಂಡ್ ಲೆಕ್ಕ ಅದಕ್ಕೆ ಹುಟ್ಟಿನಿಂದ ಗೊತ್ತಿರಲ್ಲ. ನಾವು ಹೇಳಿಕೊಡಬೇಕು. ಶೀಟು ಬೆಂಡ್ ಆದಾಗ ಒಳಗಡೆ ಕುಗ್ಗುತ್ತೆ, ಹೊರಗಡೆ ಹಿಗ್ಗುತ್ತೆ, ಮಧ್ಯ ಎಲ್ಲೋ ಒಂದು ಪದರ ಇದ್ದ ಹಾಗೇ ಇರುತ್ತೆ. ಆ ಪದರ ದಪ್ಪದಲ್ಲಿ ಎಲ್ಲಿದೆ ಅನ್ನೋದೇ ಕೆ-ಫ್ಯಾಕ್ಟರ್. ಸಾಮಾನ್ಯವಾಗಿ 0.33ರಿಂದ 0.5ರ ಒಳಗೆ ಇರುತ್ತೆ. ಶೀಟು ಯಾವುದು, ಡೈ ಎಷ್ಟು ಅಗಲ ಅನ್ನೋದರ ಮೇಲೆ ಅದು ಬದಲಾಗುತ್ತೆ. ಅಂದ್ರೆ ನಿಮ್ಮ ಮಷೀನಿನ ನಂಬರು ಪಕ್ಕದ ಶೆಡ್ಡಿಗೆ ಹೊಂದಬೇಕು ಅಂತಿಲ್ಲ.

ಅದನ್ನ ಕಂಡುಹಿಡಿಯೋದು ಹೇಗೆ? ಸರಿಯಾಗಿ 100 ಮಿಲಿಮೀಟರ್ ಉದ್ದದ, 2 ಎಂಎಂ ದಪ್ಪದ ಒಂದು ಪಟ್ಟಿ ಕಟ್ ಮಾಡಿಸಿ. ನಿಮ್ಮ ಮಷೀನಿನಲ್ಲೇ, ದಿನಾ ಬಳಸೋ ಡೈ ಮೇಲೇ 90 ಡಿಗ್ರಿ ಬೆಂಡ್ ಮಾಡಿ. ವರ್ನಿಯರ್ ಹಿಡಿದು ಎರಡೂ ಕಡೆ ಹೊರಗಿನಿಂದ ಅಳೀರಿ, ಕೂಡಿಸಿ. 103.5 ಬಂತು ಅನ್ಕೊಳ್ಳಿ. ಹೆಚ್ಚಿಗೆ ಬಂದ 3.5 ಇದೆಯಲ್ಲ, ಅದೇ ಪ್ರತಿ ಬೆಂಡಿಗೆ ಕಳೆಯಬೇಕಾದ್ದು. ಒಳಗಿನ ರೇಡಿಯಸ್ 2 ಇದ್ದರೆ, ಇದರಿಂದ ಕೆ-ಫ್ಯಾಕ್ಟರ್ 0.43 ಅಂತ ಬರುತ್ತೆ. ಲೆಕ್ಕ ಬೇಕಾದವರು ಬರ್ಕೊಳ್ಳಿ: ರೇಡಿಯಸ್ಸೂ ದಪ್ಪವೂ ಕೂಡಿಸಿ ಎರಡರಿಂದ ಗುಣಿಸಿದರೆ 8. ಅದರಲ್ಲಿ 3.5 ಕಳೆದರೆ 4.5. ಅದನ್ನ 1.57ರಿಂದ ಭಾಗಿಸಿದರೆ 2.87. ಅದರಲ್ಲಿ ರೇಡಿಯಸ್ 2 ಕಳೆದು, ಉಳಿದ 0.87ನ್ನ ದಪ್ಪದಿಂದ ಭಾಗಿಸಿ. ಮೂರು ಪಟ್ಟಿ ಮಾಡಿ ಸರಾಸರಿ ತಗೊಳ್ಳಿ, ಒಂದನ್ನೇ ನಂಬಬೇಡಿ.

ನಮ್ಮ ಬೆಂಡಿಂಗ್ ಅಣ್ಣ ಮೊದಲಿಂದ ಬೆಂಡಿಗೆ ಎರಡು ದಪ್ಪ ಕಳೀತಿದ್ರು, 2 ಎಂಎಂ ಶೀಟಿಗೆ 4. ನಾನು ಮೂರೂವರೆ ಅಂದಾಗ, ‘ಅರ್ಧ ಎಂಎಂಗೆ ಏನಪ್ಪಾ ಆಗುತ್ತೆ’ ಅಂದ್ರು. ಒಂದೇ ಬೆಂಡಿನ ಬ್ರಾಕೆಟ್ಟಿಗೆ ಏನೂ ಆಗಲ್ಲ, ಅವರ ಮಾತು ಸರಿ. ನಾಲ್ಕು ಬೆಂಡಿನ ಪ್ಯಾನೆಲ್ ಬಾಗಿಲಿಗೆ ಎರಡು ಎಂಎಂ ಆಗುತ್ತೆ, ಬಾಗಿಲು ಚೌಕಟ್ಟಿಗೆ ಕೂರಲ್ಲ, ಗ್ಯಾಸ್ಕೆಟ್ ಒತ್ತಲ್ಲ. ಮೂವತ್ತು ವರ್ಷದ ಅನುಭವದವರಿಗೆ ಇದನ್ನ ಕಂಪ್ಯೂಟರ್ ತೋರಿಸಿ ಹೇಳೋಕೆ ಹೋಗಬೇಡಿ. ಪಟ್ಟಿ ಬೆಂಡ್ ಮಾಡಿ ಅವರ ಕೈಗೇ ವರ್ನಿಯರ್ ಕೊಡಿ.

ಫ್ರೀಕ್ಯಾಡ್‌ನಲ್ಲಿ ಒಂದು ಗುಂಡಿ ಇದೆ, ಎಚ್ಚರ. ಕೆ-ಫ್ಯಾಕ್ಟರ್ ಕೊಡುವಾಗ ಎಎನ್‌ಎಸ್‌ಐ, ಡಿನ್ ಅಂತ ಎರಡು ಆಯ್ಕೆ ಇರುತ್ತೆ. ಡಿನ್ ಲೆಕ್ಕದಲ್ಲಿ ನಂಬರು ಎರಡರಷ್ಟು. ನಮ್ಮ 0.43ನ್ನ ಡಿನ್ ಅಂತ ಇಟ್ಟು ಕೊಟ್ಟರೆ ಅದು 0.215 ಅಂತ ಅರ್ಥ ಮಾಡ್ಕೊಳ್ಳುತ್ತೆ, ಬೆಂಡಿಗೆ ಹತ್ತಿರ ಹತ್ತಿರ 0.7 ಎಂಎಂ ಗಿಡ್ಡ ಆಗುತ್ತೆ. ಸ್ಕ್ರೀನ್ ಮೇಲೆ ಯಾವ ಕೆಂಪು ದೀಪವೂ ಹತ್ತಲ್ಲ.

ಆರಿಸೋಕೆ ನಾನು ಮಾಡಿದ ಪರೀಕ್ಷೆ ಇದು. ನಾವು ಈಗಾಗಲೇ ಮಾಡಿ ಕಳಿಸಿದ್ದ ಒಂದು ಡಬ್ಬಿ, ಅಳತೆ ಸರಿ ಇತ್ತು ಅಂತ ಗೊತ್ತಿದ್ದದ್ದು, ಅದನ್ನೇ ಪ್ರತಿ ಸಾಫ್ಟ್‌ವೇರಿನಲ್ಲೂ ಮೊದಲಿಂದ ಮಾಡಿದೆ. ದುಡ್ಡಿನ ಸಾಫ್ಟ್‌ವೇರುಗಳ ಟ್ರಯಲ್ ಆವೃತ್ತಿಯಲ್ಲೂ ಮಾಡಿದೆ. ನಿಜ ಹೇಳ್ಬೇಕಂದ್ರೆ, ದುಡ್ಡಿನದ್ದರಲ್ಲಿ ಒಂದೂವರೆ ಗಂಟೆ ಆಯ್ತು, ಫ್ರೀಕ್ಯಾಡ್‌ನಲ್ಲಿ ಮೊದಲ ಸಲ ಒಂದು ಇಡೀ ದಿನ ಹೋಯ್ತು. ಮೂರನೇ ವಾರಕ್ಕೆ ಅದು ಎರಡೂವರೆ ಗಂಟೆಗೆ ಇಳೀತು. ಅದಕ್ಕಿಂತ ಕೆಳಗೆ ಇಳಿದಿಲ್ಲ. ಸ್ಟೆಪ್ ಫೈಲನ್ನ ನೇರವಾಗಿ ಬಿಚ್ಚೋದು ಸುಮಾರು ಸಲ ಆಗುತ್ತೆ. ಗಿರಾಕಿ ದಪ್ಪವನ್ನ ಎಲ್ಲ ಕಡೆ ಒಂದೇ ಇಟ್ಟಿಲ್ಲ, ಇಲ್ಲಾ ಮೂಲೆಯಲ್ಲಿ ಎರಡು ಮುಖ ಅಂಟಿಕೊಂಡಿದೆ ಅಂದ್ರೆ ಕೈಕೊಡುತ್ತೆ. ಆಗ ಅಳತೆ ತಗೊಂಡು ಹೊಸದಾಗಿ ಮಾಡೋದೇ ಬೇಗ.

ಈ ಒಂದು ಗಂಟೆಯ ವ್ಯತ್ಯಾಸಕ್ಕೆ ಬೆಲೆ ಎಷ್ಟು? ತಿಂಗಳಿಗೆ ಐದಾರು ಹೊಸ ಡಬ್ಬಿ ಬರೋ ನಮ್ಮಂಥ ಶೆಡ್ಡಿಗೆ ಐದಾರು ಗಂಟೆ. ಅಷ್ಟಕ್ಕೆ ಲಕ್ಷದ ಮೇಲೆ ಕೊಡೋದು ನನಗೆ ಸರಿ ಕಾಣಲಿಲ್ಲ. ದಿನಕ್ಕೆ ಮೂರು ಹೊಸ ಐಟಂ ಬರೋ ಶೆಡ್ಡಾದ್ರೆ ಲೆಕ್ಕ ಪೂರ್ತಿ ತಿರುಗುತ್ತೆ, ದುಡ್ಡು ಕೊಟ್ಟು ತಗೊಳ್ಳಿ, ಕಣ್ಣುಮುಚ್ಚಿ. ಓಪನ್ ಸೋರ್ಸ್ ಅನ್ನೋದು ವ್ರತ ಅಲ್ಲ.

ದುಡ್ಡಿನದ್ದು ತಗೊಳ್ಳುವಾಗ ಒಂದು ಪ್ರಶ್ನೆ ಕೇಳಿ: ಇದು ಬಾಡಿಗೆಯೋ, ಕ್ರಯವೋ? ಆಟೊಡೆಸ್ಕ್ 2016ರ ಜನವರಿ ಕೊನೆಯಿಂದ ಹೆಚ್ಚಿನ ಸಾಫ್ಟ್‌ವೇರುಗಳನ್ನ ಒಂದೇ ಸಲ ಮಾರೋದು ನಿಲ್ಲಿಸಿತು, ಈಗ ಚಂದಾ ಮಾತ್ರ. ಆಟೊಕ್ಯಾಡ್ ಎಲ್‌ಟಿ ಟೂಡಿಗೆ ಮಾತ್ರ ಇರೋದು, ಅದಕ್ಕೂ ವರ್ಷ ವರ್ಷ ಕಟ್ಟಬೇಕು. ಕೆಲಸ ಕಡಿಮೆ ಇರೋ ವರ್ಷ ಚಂದಾ ಕಟ್ಟಲಿಲ್ಲ ಅಂದ್ರೆ, ನಿಮ್ಮ ಹಳೇ ಡ್ರಾಯಿಂಗ್ ಇರುತ್ತೆ, ಅದನ್ನ ತಿದ್ದೋ ಸಾಫ್ಟ್‌ವೇರ್ ಇರಲ್ಲ. ಬ್ರಿಕ್ಸ್‌ಕ್ಯಾಡ್, ಜೆಡ್‌ಡಬ್ಲ್ಯೂಕ್ಯಾಡ್ ತರದವು ಡಿಡಬ್ಲ್ಯೂಜಿ ಫೈಲಿನಲ್ಲೇ ಕೆಲಸ ಮಾಡುತ್ತೆ, ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳೋ ದಾರಿಯೂ ಅವುಗಳಲ್ಲಿ ಇದೆ. ಕೊಟೇಷನ್ ಕೇಳುವಾಗ ಜಿಎಸ್‌ಟಿ ಸೇರಿಸಿ ಕೇಳಿ, 18 ಪರ್ಸೆಂಟ್ ಸಣ್ಣದಲ್ಲ. ನೀವು ಕಾಂಪೊಸಿಷನ್‌ನಲ್ಲಿ ಇಲ್ಲದೆ ರೆಗ್ಯುಲರ್ ಇದ್ದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ. ಕೊಂಡ ಸಾಫ್ಟ್‌ವೇರಿಗೆ ಕಂಪ್ಯೂಟರಿನ ಹಾಗೇ 40 ಪರ್ಸೆಂಟ್ ಸವಕಳಿ ಹಾಕಬಹುದು, ಆಡಿಟರ್ ಹತ್ತಿರ ಮಾತಾಡಿ. ಕಳ್ಳ ಕಾಪಿಗೆ ಬಿಲ್ಲೂ ಇಲ್ಲ, ಸವಕಳಿಯೂ ಇಲ್ಲ.

ಕೊನೆಗೆ ನಾವು ಮಾಡಿದ್ದು ಹೀಗೆ. ಬೆಂಡ್ ಇರೋ ಕೆಲಸಕ್ಕೆಲ್ಲ ಫ್ರೀಕ್ಯಾಡ್. ಗಿರಾಕಿಗಳ ಡಿಡಬ್ಲ್ಯೂಜಿ ತೆರೆದು ತಿದ್ದಿ ಅದೇ ರೂಪದಲ್ಲಿ ವಾಪಸ್ ಕೊಡೋಕೆ, ಕ್ರಯಕ್ಕೆ ತಗೊಂಡ ಒಂದೇ ಒಂದು ಲೈಸೆನ್ಸು. ಹಳೇ ಕ್ರ್ಯಾಕ್ ಇದ್ದ ಕಂಪ್ಯೂಟರನ್ನ ಫಾರ್ಮ್ಯಾಟ್ ಮಾಡಿದ್ವಿ. ಆಡಿಟ್ ಫಾರಮ್ಮಿನ ಕಾಲಂನಲ್ಲಿ ಎರಡೂ ಹೆಸರು ಬರೆದು, ಒಂದರ ಬಿಲ್ಲು, ಇನ್ನೊಂದರ ಎಲ್‌ಜಿಪಿಎಲ್ ಲೈಸೆನ್ಸಿನ ಪ್ರಿಂಟು ಲಗತ್ತಿಸಿದ್ವಿ. ಆಡಿಟಿಗೆ ಬಂದವರು ಆ ಪ್ರಿಂಟನ್ನ ಎರಡು ಸಲ ತಿರುವಿ, ‘ಇದಕ್ಕೆ ದುಡ್ಡೇ ಕೊಟ್ಟಿಲ್ವಾ’ ಅಂದ್ರು. ಇಲ್ಲ ಸರ್ ಅಂದೆ. ಯಾವ ಆವೃತ್ತಿ ಬಳಸ್ತೀರಿ, ಡ್ರಾಯಿಂಗಿನಲ್ಲಿ ರಿವಿಷನ್ ನಂಬರ್ ಹಾಕ್ತೀರಾ, ಅಷ್ಟೇ ಕೇಳಿದ್ದು. ಮೊದಲ ಆರ್ಡರ್ 40 ಡಬ್ಬಿ ಬಂತು. ದೊಡ್ಡದಲ್ಲ, ಆದ್ರೆ ಗೇಟು ಗ್ರಿಲ್ಲಿನ ತಿಂಗಳಲ್ಲಿ ಬಂದದ್ದು.

ಇನ್ನು ಲೇಸರಿನವರಿಗೆ ಫೈಲ್ ಕಳಿಸೋದರ ಬಗ್ಗೆ ಎರಡು ಮಾತು, ಯಾಕಂದ್ರೆ ಎಲ್ಲ ಸಾಫ್ಟ್‌ವೇರಿನ ಜಾಣತನವೂ ಇಲ್ಲೇ ಸೋರಿ ಹೋಗೋದು. ಡಿಎಕ್ಸ್‌ಎಫ್ ಒಂದಕ್ಕೆ ಒಂದು ಅಳತೆಯಲ್ಲಿ, ಮಿಲಿಮೀಟರಿನಲ್ಲಿ ಇರಲಿ. ಬೆಂಡ್ ಗೆರೆಯನ್ನ ಬೇರೆ ಲೇಯರಿನಲ್ಲಿ ಇಡಿ, ಇಲ್ಲಾಂದ್ರೆ ಮಷೀನು ಅದನ್ನೂ ಕಟ್ ಮಾಡಿ ಎರಡು ತುಂಡು ಕೊಡುತ್ತೆ. ಗೆರೆ ಮೇಲೆ ಗೆರೆ ಕೂತಿದ್ದರೆ ಒಂದೇ ಜಾಗದಲ್ಲಿ ಎರಡು ಸಲ ಕಟ್ ಆಗುತ್ತೆ, ಅಂಚು ಸುಡುತ್ತೆ, ಬಿಲ್ಲೂ ಏರುತ್ತೆ. ಅವರು ಲೆಕ್ಕ ಹಾಕೋದೇ ಕಟಿಂಗ್ ಉದ್ದ ಮತ್ತು ಎಷ್ಟು ತೂತು ಚುಚ್ಚಿದ್ದೀವಿ ಅನ್ನೋದರ ಮೇಲೆ. ಗಿರಾಕಿಯ ಪಿಡಿಎಫ್‌ನಿಂದ ನೇರವಾಗಿ ತೆಗೆದ ಡ್ರಾಯಿಂಗಿನಲ್ಲಿ ವೃತ್ತ ವೃತ್ತವಾಗಿ ಇರಲ್ಲ, ನೂರು ಸಣ್ಣ ಗೆರೆ ಆಗಿರುತ್ತೆ. ಅದನ್ನ ಅಳಿಸಿ ಹೊಸ ವೃತ್ತ ಹಾಕಿ.

ಶೀಟಿನ ಮೇಲೆ ತುಂಡುಗಳನ್ನ ಜೋಡಿಸೋದು, ನೆಸ್ಟಿಂಗ್, ಸಾಮಾನ್ಯವಾಗಿ ಅವರೇ ಮಾಡ್ತಾರೆ. ಆದ್ರೆ ಶೀಟು ನಮ್ಮದಾಗಿದ್ದರೆ ನಾವೂ ಒಂದು ಸಲ ನೋಡಬೇಕು. 2500ಕ್ಕೆ 1250ರ 2 ಎಂಎಂ ಎಂಎಸ್ ಶೀಟು ಒಂದು 49 ಕೆಜಿ ತೂಗುತ್ತೆ. ಜೋಡಣೆಯಲ್ಲಿ ಹತ್ತನೇ ಒಂದು ಭಾಗ ಹೆಚ್ಚು ಹಾಳಾದ್ರೆ ಶೀಟಿಗೆ ಐದು ಕೆಜಿ ಗುಜರಿಗೆ ಹೋಯ್ತು. ಡೀಪ್‌ನೆಸ್ಟ್ ಅಂತ ಓಪನ್ ಸೋರ್ಸ್ ಒಂದಿದೆ, ಹಾಕಿ ಸುಮ್ಮನೆ ಬಿಟ್ಟರೆ ಅದೇ ತಿರುಗಿಸಿ ತಿರುಗಿಸಿ ನೋಡ್ತಾ ಇರುತ್ತೆ. ನಾನು ಊಟಕ್ಕೆ ಹೋಗೋ ಮುಂಚೆ ಹಚ್ಚಿ ಹೋಗ್ತೀನಿ.

ಕಲಿಯೋಕೆ ಎಲ್ಲಿ ಹೋಗೋದು ಅಂತ ಕೇಳೋರಿಗೆ: ರಾಜಾಜಿನಗರದಲ್ಲಿ ಸರ್ಕಾರದ ಜಿಟಿಟಿಸಿ ಇದೆ, ಬೇರೆ ಜಿಲ್ಲೆಗಳಲ್ಲೂ ಅದರ ಕೇಂದ್ರಗಳಿವೆ, ಅಲ್ಲಿ ಕ್ಯಾಡ್, ಕ್ಯಾಮ್ ಹೇಳಿಕೊಡ್ತಾರೆ. ಕೋರ್ಸಿನಲ್ಲಿ ಯಾವ ಸಾಫ್ಟ್‌ವೇರ್ ಕಲಿಸಿದರೂ ಚಿಂತೆ ಬೇಡ, ಸ್ಕೆಚ್, ಫ್ಲ್ಯಾಂಜ್, ಅನ್‌ಫೋಲ್ಡ್ ಅನ್ನೋ ದಾರಿ ಎಲ್ಲದರಲ್ಲೂ ಒಂದೇ. ಇಂಟರ್‌ವ್ಯೂಗೆ ಹೋಗುವಾಗ ಸರ್ಟಿಫಿಕೇಟ್ ಜೊತೆ ನೀವೇ ಬಿಚ್ಚಿದ ಒಂದು ಡಬ್ಬಿಯ ಡ್ರಾಯಿಂಗು, ಆಗಿದ್ದರೆ ಬೆಂಡ್ ಆದ ತುಂಡನ್ನೂ ತಗೊಂಡು ಹೋಗಿ. ನಮ್ಮ ಮಾಲೀಕರು ಸರ್ಟಿಫಿಕೇಟ್ ಓದಲ್ಲ, ತುಂಡನ್ನ ಕೈಗೆ ತಗೊಂಡು ವರ್ನಿಯರ್ ಕೇಳ್ತಾರೆ.

ಪಟ್ಟಿ ಬೆಂಡ್ ಮಾಡಿ ನೋಡಿದವರು ನಿಮ್ಮ ಶೀಟಿನ ದಪ್ಪ, ಡೈ ಅಗಲ, ಬಂದ ನಂಬರು ಮೂರನ್ನೂ ಬರೆದು ಕಳಿಸಿ. ಎಸ್‌ಎಸ್ ಮತ್ತು ಜಿಐ ಶೀಟಿನದ್ದು ನನಗೆ ಹೆಚ್ಚು ಬೇಕಾಗಿದೆ, ನಮ್ಮ ಹತ್ತಿರ ಇರೋದೆಲ್ಲ ಎಂಎಸ್‌ನದ್ದೇ.